ನೀವು ಕೇಳಿದ್ರಿ: ಓಡೋಕೆ ಟೈಮ್ ಎಲ್ಲಿಂದ ತರೋದು?

ಹೋದ ಸಂಚಿಕೆಲಿ ಹೆಂಗಸರ ದೂರದ ಓಟದ ಬಗ್ಗೆ ಬರ್ದಿದ್ದೆ, ಅದಾದ ಮೇಲೆ ಸಾಗರ, ತೀರ್ಥಹಳ್ಳಿ, ಹೊಸನಗರ, ಕೊಪ್ಪ, ಭದ್ರಾವತಿ ಎಲ್ಲಾ ಕಡೆಯಿಂದ ಪತ್ರ ಬಂದಿದೆ, ವಾಟ್ಸಾಪಲ್ಲಿ ವಾಯ್ಸ್ ಮೆಸೇಜ್ ಕಳ್ಸಿದವ್ರೂ ಇದ್ದಾರೆ. ಹೊಸದಾಗಿ ಓದ್ತಿರೋರಿಗೆ ಒಂದು ಮಾತು: ನಾನು ಹಗಲು ಹೊತ್ತು ಶಿವಮೊಗ್ಗದ ಒಂದು ಲ್ಯಾಬಲ್ಲಿ ಸೂಕ್ಷ್ಮಜೀವಿಗಳ ಕೆಲಸ ಮಾಡೋಳು, ಬೆಳಗಿನ ಜಾವ ತುಂಗಾ ಚಾನೆಲ್ ಏರಿ ಮೇಲೆ ಗಾಜನೂರು ಕಡೆಗೆ ಓಡೋಳು, ಭಾನುವಾರ ಒಂದಷ್ಟು ಹುಡುಗೀರನ್ನೂ ಕಟ್ಕೊಂಡು ಓಡ್ತೀನಿ. ಎಲ್ಲಾ ಪತ್ರಕ್ಕೂ ಇಲ್ಲಿ ಜಾಗ ಸಾಲಲ್ಲ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಅಕ್ಕಾ, ಯಾರೋ ವಿಜ್ಞಾನಿ ಹೆಂಗಸೊಬ್ರು ಕಾಡಲ್ಲಿ 60 ಗಂಟೆ ಓಡಿ ಕೊನೇ ನಿಮಿಷದಲ್ಲಿ ರೇಸ್ ಮುಗ್ಸಿದ್ರಂತೆ, ನಿಜಾನಾ? ನಾನು ಬಿಎಸ್ಸಿ ಎರಡನೇ ವರ್ಷ. ಓದೋದೂ ಇಷ್ಟ, ಓಡೋದೂ ಇಷ್ಟ. ಮನೇಲಿ ಎರಡ್ರಲ್ಲಿ ಒಂದು ಆರಿಸ್ಕೋ ಅಂತಿದ್ದಾರೆ. (ಸಾಗರದಿಂದ ಒಬ್ಬಳು ವಿದ್ಯಾರ್ಥಿನಿ)

ಉತ್ತರ: ನಿಜ ಕಣೇ, ನೂರಕ್ಕೆ ನೂರು ನಿಜ. ಅವ್ರ ಹೆಸರು ಜಾಸ್ಮಿನ್ ಪ್ಯಾರಿಸ್, ಬ್ರಿಟನ್ನಿನವರು, ಸ್ಕಾಟ್ಲೆಂಡಿನ ಎಡಿನ್‌ಬರಾ ಹತ್ರ ಮನೆ. ಓದಿದ್ದು ಪಶುವೈದ್ಯ, ಎಡಿನ್‌ಬರಾ ಯೂನಿವರ್ಸಿಟಿಯ ವೆಟರ್ನರಿ ಕಾಲೇಜಲ್ಲಿ ಪಾಠ ಮಾಡ್ತಾರೆ, ನಾಯಿ ಬೆಕ್ಕುಗಳಿಗೆ ಔಷಧಿ ಕೊಡ್ತಾರೆ, ಪಿಎಚ್‌ಡಿ ಮಾಡಿದ್ದು ಲುಕೇಮಿಯಾ ಅಂತಾರಲ್ಲ, ಆ ರಕ್ತದ ಕ್ಯಾನ್ಸರ್ ಮೇಲೆ. ಅವರ ತಂಡ 2019ರಲ್ಲಿ ಪ್ರಕಟ ಮಾಡಿದ ಕೆಲಸ ನಮ್ಮ ಗದ್ದೆ ಭಾಷೇಲಿ ಹೇಳೋದಾದ್ರೆ, ಕಳೆ ಸಾಯ್ಬೇಕು ಆದ್ರೆ ಭತ್ತದ ಸಸಿಗೆ ಏನೂ ಆಗ್ಬಾರ್ದು, ಅಂಥ ಜಾಗ ಯಾವ್ದು ಅಂತ ಹುಡುಕೋದು. ಕ್ಯಾನ್ಸರಿನ ಬುಡದಲ್ಲಿರೋ ಸ್ಟೆಮ್ ಸೆಲ್‌ಗಳು (ಹೊಸ ಕಣ ಹುಟ್ಟಿಸೋ ಮೂಲ ಕಣಗಳು) ಒಂದು ಪ್ರೋಟೀನ್ ಮೇಲೆ ತುಂಬಾ ನಿಂತಿರ್ತವೆ, ಅದನ್ನ ತೆಗೆದ್ರೆ ಅವು ಸೊರಗ್ತವೆ, ಒಳ್ಳೇ ರಕ್ತ ಮಾಡೋ ಸ್ಟೆಮ್ ಸೆಲ್ ಉಳ್ಕೊಳ್ತವೆ ಅಂತ ತೋರಿಸಿದ್ರು.

ಅದೇ 2019ರ ಜನವರೀಲಿ ಅವರು ಸ್ಪೈನ್ ರೇಸ್ ಓಡಿದ್ರು. ಇಂಗ್ಲೆಂಡಿನ ಪೆನೈನ್ ಬೆಟ್ಟಸಾಲಿನ ಮೇಲೆ 268 ಮೈಲಿ, ಅಂದ್ರೆ 431 ಕಿಲೋಮೀಟರ್. ಜನವರಿ ಚಳಿ, ಹಗಲು ಎಂಟು ಗಂಟೆ ಅಷ್ಟೇ, ಉಳಿದದ್ದೆಲ್ಲ ತಲೆಗೆ ಟಾರ್ಚ್ ಕಟ್ಕೊಂಡು. 83 ಗಂಟೆ 12 ನಿಮಿಷಕ್ಕೆ ಮುಗಿಸಿದ್ರು, ನಿದ್ದೆ ಒಟ್ಟು ಮೂರು ಗಂಟೆ. ಹೆಂಗಸರಲ್ಲಿ ಫಸ್ಟ್ ಅಲ್ಲ, ಎಲ್ಲಾರಲ್ಲೂ ಫಸ್ಟ್, ಹಳೇ ರೆಕಾರ್ಡನ್ನ 12 ಗಂಟೆ ಕಮ್ಮಿ ಮಾಡಿದ್ರು, ಅವರಾದ ಮೇಲೆ ಬಂದ ಗಂಡಸು ಬರೋಷ್ಟರಲ್ಲಿ 15 ಗಂಟೆ ಆಗಿತ್ತು. ನಂಗೆ ಇದೆಲ್ಲಕ್ಕಿಂತ ಮನಸ್ಸಲ್ಲಿ ಕೂತಿರೋದು ಬೇರೆ ವಿಷ್ಯ. ಮನೇಲಿ 14 ತಿಂಗಳ ಮಗಳಿದ್ಲು, ಇನ್ನೂ ಹಾಲು ಬಿಟ್ಟಿರ್ಲಿಲ್ಲ, ಹಂಗಾಗಿ ದಾರಿ ಮಧ್ಯದ ಚೆಕ್‌ಪಾಯಿಂಟಲ್ಲಿ ಬೇರೆಯವರು ಕಾಲು ಚಾಚಿ ಕೂತಿದ್ರೆ ಇವರು ಪಂಪ್ ಹಿಡ್ಕೊಂಡು ಹಾಲು ತೆಗೀತಿದ್ರು. ಬಾಣಂತನ ಮಾಡಿ ಎದೆ ಕಟ್ಟೋದು ಅಂದ್ರೆ ಎಂಥ ನೋವು ಅಂತ ಗೊತ್ತಿರೋ ಯಾವ ಹೆಂಗಸಿಗೂ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ.

ನೀನು ಕೇಳಿದ 60 ಗಂಟೆ ರೇಸು ಬಾರ್ಕ್ಲಿ ಮ್ಯಾರಥಾನ್ಸ್, ಅಮೆರಿಕಾದ ಟೆನೆಸಿ ರಾಜ್ಯದ ಕಾಡಲ್ಲಿ ನಡೆಯೋದು. ಅಲ್ಲಿ ಜಿಪಿಎಸ್ ವಾಚ್ ಬಳಸೋ ಹಂಗಿಲ್ಲ, ಮ್ಯಾಪು ದಿಕ್ಸೂಚಿ ನೋಡ್ಕೊಂಡೇ ಹೋಗ್ಬೇಕು, ದಾರಿ ಅನ್ನೋದೂ ಅಷ್ಟಕ್ಕಷ್ಟೇ. ಕಾಡಲ್ಲಿ ಅಲ್ಲಲ್ಲಿ ಹಳೇ ಪುಸ್ತಕ ಇಟ್ಟಿರ್ತಾರೆ, ನಿನ್ನ ಎದೆ ಮೇಲಿನ ನಂಬರಿನ ಪೇಜನ್ನ ಹರ್ಕೊಂಡು ಬಂದು ತೋರಿಸ್ಬೇಕು, ಆಗ ಒಂದು ಸುತ್ತು ಲೆಕ್ಕ. ಅಂಥವು ಐದು ಸುತ್ತು. ಯಾವಾಗ ಶುರು ಅಂತ ಮೊದಲೇ ಹೇಳಲ್ಲ, ಶಂಖ ಊದಿದ್ರೆ ಇನ್ನೊಂದು ಗಂಟೆಗೆ ಶುರು ಅಂತ ಅರ್ಥ (ಅಲ್ಲೂ ಶಂಖ ಊದ್ತಾರೆ ಅಂತ ಗೊತ್ತಾದಾಗ ನಂಗೆ ಎಷ್ಟು ಖುಷಿ ಆಯ್ತು ಗೊತ್ತಾ). ಸುಮಾರು 160 ಕಿಲೋಮೀಟರ್, ಹತ್ತೋದೇ ಸುಮಾರು 18,000 ಮೀಟರ್. ನಮ್ಮ ಕೊಡಚಾದ್ರಿ 1,343 ಮೀಟರ್, ಸಮುದ್ರದ ದಡದಿಂದ ಅದ್ರ ತುದಿಗೆ 13 ಸಲ ಹತ್ತಿದ ಹಂಗೆ ಆಗುತ್ತೆ, ಇಳಿಯೋದು ಬೇರೆ. ಅವರು 2022ರಲ್ಲಿ ಹೋದ್ರು, ಆಗ್ಲಿಲ್ಲ. 2023ರಲ್ಲಿ ಹೋದ್ರು, ಆಗ್ಲಿಲ್ಲ. 2024ರ ಮಾರ್ಚ್ 22ಕ್ಕೆ 59 ಗಂಟೆ 58 ನಿಮಿಷ 21 ಸೆಕೆಂಡಿಗೆ ಬಂದು ಹಳದಿ ಗೇಟ್ ಮುಟ್ಟಿ ಅಲ್ಲೇ ಕುಸಿದ್ರು. ಉಳಿದಿದ್ದು 99 ಸೆಕೆಂಡ್. ಐದೂ ಸುತ್ತು ಮುಗಿಸಿದ ಮೊದಲ ಹೆಂಗಸು, ಆಗ ವಯಸ್ಸು 40, ಇಬ್ರು ಮಕ್ಕಳ ತಾಯಿ.

ಈಗ ಮನೆಯವ್ರ ಮಾತಿಗೆ ಬರ್ತೀನಿ. ಎರಡ್ರಲ್ಲಿ ಒಂದು ಆರಿಸ್ಕೋ ಅಂತ ಅವರು ಹೇಳೋದು ನಿನ್ ಮೇಲಿನ ಪ್ರೀತಿಯಿಂದಾನೇ, ಆದ್ರೆ ಅದು ಸರಿಯಾದ ಲೆಕ್ಕ ಅಲ್ಲ. ಜಾಸ್ಮಿನ್ ತರದವ್ರು ಓಡೋದು ಬೆಳಗಿನ ಜಾವ, ಮಕ್ಕಳು ಏಳೋಕೆ ಮುಂಚೆ, ಕೆಲಸಕ್ಕೆ ಹೋಗೋಕೆ ಮುಂಚೆ. ಆ ಹೊತ್ತಲ್ಲಿ ಮನೇಲಿ ಇನ್ನೊಬ್ರು ಇರ್ತಾರೆ, ಮಗು ಎದ್ರೆ ನೋಡ್ಕೊಳ್ತಾರೆ, ಅಷ್ಟೇ ಗುಟ್ಟು. ನಮ್ ಕಡೆ ಹುಡುಗೀರು ಓಟ ಬಿಡೋದು ಕಾಲಲ್ಲಿ ಶಕ್ತಿ ಇಲ್ಲ ಅಂತಲ್ಲ, ಆ ಒಂದು ಗಂಟೆ ಯಾರೂ ಕೊಡಲ್ಲ ಅಂತ. ನೀನು ಮನೇಲಿ ಕೇಳೋದಿದ್ರೆ ಓಟ ಬೇಕು ಅಂತ ಕೇಳ್ಬೇಡ, ಬೆಳಿಗ್ಗೆ ಐದೂವರೆಯಿಂದ ಆರೂವರೆ ತನಕ ನನ್ನ ಯಾವ ಕೆಲಸಕ್ಕೂ ಕರೀಬೇಡಿ ಅಂತ ಕೇಳು. ಪರೀಕ್ಷೆ ಮಾರ್ಕ್ಸ್ ಕಮ್ಮಿ ಆದ್ರೆ ಆಗ ಮಾತಾಡೋಣ ಅನ್ನು. ನನ್ನ ಅನುಭವದಲ್ಲಿ ಓಡಿ ಬಂದು ಕೂತಾಗ ಓದಿದ್ದು ತಲೆಗೆ ಹತ್ತೋ ಹಂಗೆ ಬೇರೆ ಯಾವಾಗ್ಲೂ ಹತ್ತಲ್ಲ.

ಪ್ರಶ್ನೆ: ಮಗಳಿಗೆ 14 ವರ್ಷ, ತಾಲೂಕು ಮಟ್ಟದಲ್ಲಿ 3000 ಮೀಟರ್ ಓಡ್ತಾಳೆ. ನಮ್ಮತ್ತೆ ಗರ್ಭಕೋಶ ಜಾರುತ್ತೆ, ಮುಂದೆ ಮಕ್ಕಳಾಗೋದು ಕಷ್ಟ ಅಂತ ದಿನಾ ಹೇಳ್ತಾರೆ. ಮುಟ್ಟಿನ ದಿನ ಓಡಿದ್ರೆ ತೊಂದ್ರೆ ಇದ್ಯಾ? (ತೀರ್ಥಹಳ್ಳಿಯ ಒಬ್ಬರು ತಾಯಿ)

ಉತ್ತರ: ನಿಮ್ಮತ್ತೆಯವ್ರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಒಂದು ವಿಷ್ಯ ಕೇಳಿ. ಅವರು ಮದುವೆಯಾಗಿ ಬಂದ ಹೊಸದ್ರಲ್ಲಿ ಸೊಪ್ಪಿನ ಬೆಟ್ಟದಿಂದ ತಲೆ ಮೇಲೆ ಸೊಪ್ಪಿನ ಹೊರೆ ಹೊತ್ತು ಇಳಿದಿಲ್ವಾ? ಬಾವಿಯಿಂದ ಎರಡೆರಡು ಕೊಡ ತಂದಿಲ್ವಾ? ಗದ್ದೆ ನಟ್ಟಿಲಿ ಇಡೀ ದಿನ ಬಗ್ಗಿ ನಿಂತಿಲ್ವಾ? ಆಗ ಗರ್ಭಕೋಶ ಜಾರುತ್ತೆ ಅಂತ ಯಾರೂ ಹೊರೆ ಇಳಿಸ್ಕೊಳ್ಲಿಲ್ಲ. ಗರ್ಭಕೋಶ ಸಡಿಲ ಆಗೋಕೆ ದೊಡ್ಡ ಕಾರಣ ಹೆರಿಗೆ, ಆಮೇಲೆ ವಯಸ್ಸು, ತೀರಾ ಭಾರ ಎತ್ತೋದು, ವರ್ಷಾನುಗಟ್ಲೆ ಕೆಮ್ಮು ಮಲಬದ್ಧತೆ. 14 ವರ್ಷದ ಆರೋಗ್ಯವಾದ ಹುಡುಗಿ ಓಡೋದ್ರಿಂದ ಗರ್ಭಕೋಶ ಜಾರೋದೂ ಇಲ್ಲ, ಮಕ್ಕಳಾಗೋದು ತಪ್ಪೋದೂ ಇಲ್ಲ.

ಈ ಹೆದರಿಕೆ ನಮ್ಮೂರಿನದ್ದು ಮಾತ್ರ ಅಂದ್ಕೋಬೇಡಿ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸಲ್ಲಿ ಮೊದಲ ಸಲ ಹೆಂಗಸರಿಗೆ 800 ಮೀಟರ್ ಇಟ್ರು, ಜರ್ಮನಿಯ ಲೀನಾ ರಾಡ್ಕೆ ಗೆದ್ರು. ಓಡಿ ಮುಗಿಸಿ ಕೆಲವ್ರು ಸುಸ್ತಾಗಿ ಕೂತಿದ್ದನ್ನ ಪೇಪರ್‌ನವ್ರು ಹೆಂಗಸರೆಲ್ಲಾ ಉರುಳಿ ಬಿದ್ರು ಅನ್ನೋ ಹಂಗೆ ಬರೆದ್ರು, ಅಷ್ಟಕ್ಕೇ ಆ ಓಟ ತೆಗೆದ್ಹಾಕಿದ್ರು, ವಾಪಸ್ ಬಂದಿದ್ದು 1960ರಲ್ಲಿ. 32 ವರ್ಷ! 1966ರಲ್ಲಿ ಬಾಬಿ ಗಿಬ್ ಅನ್ನೋ ಹುಡುಗಿ ಬಾಸ್ಟನ್ ಮ್ಯಾರಥಾನ್‌ಗೆ ಅರ್ಜಿ ಹಾಕಿದ್ರೆ ಹೆಂಗಸರ ಶರೀರಕ್ಕೆ ಅಷ್ಟು ದೂರ ಆಗಲ್ಲ ಅಂತ ಉತ್ತರ ಬಂತು, ಅವಳು ತಲೆ ಮುಚ್ಚೋ ಅಂಗಿ ಹಾಕ್ಕೊಂಡು ಪೊದೆ ಹಿಂದೆ ಅವಿತು ಕೂತಿದ್ದು ರೇಸ್ ಶುರುವಾದ ಮೇಲೆ ಒಳಗೆ ಸೇರ್ಕೊಂಡು 3 ಗಂಟೆ 21 ನಿಮಿಷಕ್ಕೆ ಮುಗಿಸಿದ್ಲು, ಓಡಿದ ಗಂಡಸರಲ್ಲಿ ಮೂರ್ರಲ್ಲಿ ಎರಡು ಪಾಲು ಜನ ಅವಳ ಹಿಂದೆ ಬಂದ್ರು. ಅವರೂ ಆಮೇಲೆ ವಿಜ್ಞಾನದ ಲ್ಯಾಬಲ್ಲಿ, ನರಗಳ ಕಾಯಿಲೆ ಮೇಲೆ ಕೆಲಸ ಮಾಡಿದ್ರು. ಒಲಿಂಪಿಕ್ಸಲ್ಲಿ ಹೆಂಗಸರಿಗೆ ಮ್ಯಾರಥಾನ್ ಸಿಕ್ಕಿದ್ದು 1984ಕ್ಕೆ, ಅಂದ್ರೆ ನಿಮ್ಮ ವಯಸ್ಸಿನವರು ಆಗಲೇ ಹುಟ್ಟಿದ್ರೇನೋ.

ಮುಟ್ಟಿನ ದಿನ ಅವಳಿಗೆ ಆಗುತ್ತೆ ಅನ್ಸಿದ್ರೆ ಓಡ್ಲಿ, ಹೊಟ್ಟೆ ನೋವಿದ್ರೆ ಬಿಡ್ಲಿ, ಅದನ್ನ ಅವಳೇ ಹೇಳ್ಲಿ. ತುಂಬಾ ಜನಕ್ಕೆ ಲಘುವಾಗಿ ಓಡಿದ್ರೆ ನೋವು ಕಮ್ಮಿನೇ ಆಗುತ್ತೆ. ನೀವು ನಿಜವಾಗಿ ಕಣ್ಣಿಡ್ಬೇಕಾದ್ದು ಬೇರೆ ಕಡೆ: ಮುಟ್ಟು ಶುರುವಾದ ಮೇಲೆ ಮೂರು ತಿಂಗಳು ಒಟ್ಟಿಗೆ ನಿಂತೋದ್ರೆ, ಇಲ್ಲಾ 15 ತುಂಬಿದ್ರೂ ಶುರುವೇ ಆಗದಿದ್ರೆ, ಸುಮ್ನೆ ಇರ್ಬೇಡಿ, ಡಾಕ್ಟರ್ ಹತ್ರ ಕರ್ಕೊಂಡು ಹೋಗಿ. ಓಡೋ ಹುಡುಗಿ ಓಡೋದಕ್ಕೆ ತಕ್ಕ ಊಟ ಮಾಡ್ದಿದ್ರೆ ಶರೀರ ಖರ್ಚು ಕಮ್ಮಿ ಮಾಡೋಕೆ ಮೊದಲು ನಿಲ್ಸೋದೇ ಮುಟ್ಟು, ಆಮೇಲೆ ಮೂಳೆ ಸವೀತಾ ಬರುತ್ತೆ, ಸಣ್ಣ ಸಣ್ಣ ಬಿರುಕು ಬಿಡುತ್ತೆ. ತೆಳ್ಳಗಾದ್ರೆ ಜೋರಾಗಿ ಓಡ್ಬಹುದು ಅಂತ ಯಾರಾದ್ರೂ ಕೋಚ್ ಹೇಳಿದ್ರೆ ದಯವಿಟ್ಟು ನಂಬ್ಬೇಡಿ, ಬೆಳೆಯೋ ಮಗು ಅದು. ಓಡಿ ಬಂದ ಅರ್ಧ ಗಂಟೆ ಒಳಗೆ ಅವಳ ತಟ್ಟೇಲಿ ಏನಾದ್ರೂ ಬೀಳ್ಬೇಕು, ಎರಡು ಕಡುಬು, ಚಟ್ನಿ, ಒಂದು ಮೊಟ್ಟೆ, ಮೊಟ್ಟೆ ತಿನ್ನಲ್ಲ ಅಂದ್ರೆ ಹೆಸರುಕಾಳು ಹಾಲು.

ಪ್ರಶ್ನೆ: ನಾವು ನಾಲ್ಕು ಜನ ಫ್ರೆಂಡ್ಸ್ ವೀಕೆಂಡಲ್ಲಿ ಕಾಡು ದಾರೀಲಿ ಓಡ್ತೀವಿ. ಮಂಗನ ಕಾಯಿಲೆ ಸೀಸನ್ನಲ್ಲಿ ಓಡಬಹುದಾ? ಲಸಿಕೆ ಹಾಕಿಸ್ಕೊಂಡ್ರೆ ಸಾಕಾ? (ಹೊಸನಗರ)

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಕೈ ಮುಗೀತೀನಿ, ಹೊರಗಿಂದ ಬರೋ ಟ್ರೆಕ್ಕಿಂಗ್‌ನವ್ರು ಇದನ್ನ ಕೇಳೋದೇ ಇಲ್ಲ. ಈ ಕಾಯಿಲೆ ಪ್ರಪಂಚಕ್ಕೆ ಗೊತ್ತಾಗಿದ್ದೇ ನಮ್ಮ ಜಿಲ್ಲೆಯಿಂದ, 1957ರಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ, ಅದಕ್ಕೇ ಕ್ಯಾಸನೂರು ಕಾಡಿನ ಕಾಯಿಲೆ ಅಂತ ಹೆಸರು. 2019ರ ಸುಮಾರಿಗೆ ಸಾಗರದ ಅರಳಗೋಡು ಕಡೆ ಜನ ಅನುಭವಿಸಿದ್ದು ಇನ್ನೂ ಯಾರೂ ಮರೆತಿಲ್ಲ. ಇದು ಹೆಚ್ಚಾಗಿ ಬರೋದು ಉಣುಗು ಕಚ್ಚಿದ್ರೆ. ಒಬ್ರಿಂದ ಒಬ್ರಿಗೆ ಹರಡಲ್ಲ, ಹಂಗಾಗಿ ರೋಗಿಯನ್ನ ದೂರ ಇಡೋದು ತಪ್ಪು. ಡಿಸೆಂಬರಿಂದ ಮೇ ತನಕ ಜೋರು, ಯಾಕಂದ್ರೆ ಆಗಲೇ ಮರಿ ಉಣುಗುಗಳು ನೆಲದ ದರಗಿನಲ್ಲಿ, ಹುಲ್ಲಿನ ತುದೀಲಿ ಕಾಯ್ತಾ ಕೂತಿರೋದು. ಅವು ಎಷ್ಟು ಚಿಕ್ಕವು ಅಂದ್ರೆ ಎಳ್ಳಿನ ಕಾಳಿಗಿಂತ ಚಿಕ್ಕವು, ನಾನು ಲ್ಯಾಬಲ್ಲಿ ಬಿಳಿ ತಟ್ಟೆ ಮೇಲೆ ಇಟ್ಟು ಲೆನ್ಸಲ್ಲಿ ನೋಡೋವಾಗ್ಲೇ ಕಾಲು ಎಣಿಸೋಕೆ ಕಣ್ಣು ಕಿರಿದು ಮಾಡ್ಬೇಕು, ಇನ್ನು ಬೆವರಿರೋ ಕಾಲ ಮೇಲೆ ನಿಮಗೆ ಎಲ್ಲಿ ಕಾಣುತ್ತೆ.

ಹಂಗಾಗಿ ನನ್ನ ಸ್ವಂತ ನಿಯಮ ಇದು. ಡಿಸೆಂಬರಿಂದ ಮಳೆ ಹಿಡಿಯೋ ತನಕ ಕಾಡಿನ ಕಾಲುದಾರಿ ಬಿಟ್ಟು ಡಾಂಬರು ರಸ್ತೆ, ಚಾನೆಲ್ ಏರಿ, ಸ್ಟೇಡಿಯಂ. ಮಂಗ ಸತ್ತ ಸುದ್ದಿ ಇರೋ ಊರಿನ ಆಸುಪಾಸು ಕಾಲೇ ಇಡಲ್ಲ. ಹೋಗ್ಲೇಬೇಕಾದಾಗ ಉದ್ದ ತೋಳು, ಉದ್ದ ಪ್ಯಾಂಟು, ಪ್ಯಾಂಟಿನ ತುದಿ ಸಾಕ್ಸ್ ಒಳಗೆ, ಆರೋಗ್ಯ ಇಲಾಖೆಯವ್ರು ಹಂಚೋ ಡೆಪಾ ಎಣ್ಣೆ ಕೈಕಾಲಿಗೆ. ಓಟದ ಮಧ್ಯೆ ದರಗಿನ ಮೇಲೆ, ಬಿದ್ದ ಮರದ ಮೇಲೆ ಕೂರಲ್ಲ. ಮನೆಗೆ ಬಂದ್ರೆ ಬಟ್ಟೆ ಸೀದಾ ಬಿಸಿನೀರಿಗೆ, ಮೈ ಸೋಪು ಹಾಕಿ ಉಜ್ಜಿ ಸ್ನಾನ, ಆಮೇಲೆ ಬಲ್ಬ್ ಕೆಳಗೆ ನಿಂತು ಮಂಡಿ ಹಿಂದೆ, ತೊಡೆ ಸಂದಿ, ಸೊಂಟದ ಪಟ್ಟಿ, ಕಿವಿ ಹಿಂದೆ, ಕೂದಲ ಬುಡ ಎಲ್ಲಾ ನೋಡ್ಕೊಳ್ಳೋದು. ನಾನೂ ನನ್ನ ಅಕ್ಕನೂ ಒಬ್ರ ಬೆನ್ನು ಒಬ್ರು ನೋಡ್ತೀವಿ. ಅಂಟಿದ್ರೆ ಚಿಮಟದಲ್ಲಿ ಚರ್ಮದ ಹತ್ರಾನೇ ಹಿಡಿದು ನೇರ ಮೇಲಕ್ಕೆ ಎಳೀಬೇಕು, ಬೆಂಕಿ ಕಡ್ಡಿ, ಸೀಮೆಎಣ್ಣೆ, ಉಗುರಲ್ಲಿ ಜಜ್ಜೋದು ಯಾವ್ದೂ ಬೇಡ. ಆಮೇಲೆ ಒಂದೆರಡು ವಾರದೊಳಗೆ ಜೋರು ಜ್ವರ, ತಲೆನೋವು, ಮೈಕೈ ಒಡೆದು ಹೋದ ಹಂಗೆ ನೋವು ಬಂದ್ರೆ ಮನೆ ಮದ್ದು ಮಾಡ್ತಾ ಕೂರ್ಬೇಡಿ, ಹತ್ರದ ಸರ್ಕಾರಿ ಆಸ್ಪತ್ರೆಗೆ ಹೋಗಿ ಕಾಡಿಗೆ ಹೋಗಿದ್ದೆ ಅಂತ ನೀವೇ ಬಾಯ್ಬಿಟ್ಟು ಹೇಳಿ. ಕಾಯಿಲೆ ಬಂದ 100 ಜನದಲ್ಲಿ ಮೂರರಿಂದ ಐದು ಜನ ತೀರ್ಕೊಳ್ತಾರೆ, ವೈರಸ್ಸಿಗೆ ಅಂತ ಬೇರೆ ಔಷಧಿ ಇಲ್ಲ, ಬೇಗ ಅಡ್ಮಿಟ್ ಆಗಿ ನೋಡ್ಕೊಳ್ಳೋದೇ ದಾರಿ. ಲಸಿಕೆ ಕೇಳಿದ್ರಿ. ಹಳೇ ಲಸಿಕೆ ಸರಿಯಾಗಿ ಕೆಲಸ ಮಾಡ್ತಿಲ್ಲ ಅಂತ ಕೊಡೋದು ನಿಲ್ಸಿದ್ದಾರೆ, ಅದನ್ನ ನಂಬ್ಕೊಂಡು ಕಾಡಿಗೆ ನುಗ್ಗೋ ಹಂಗಿಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ಓಡೋವಾಗ ಉಂಬಳ ಕಾಟ, ಏನ್ ಮಾಡೋದು? (ಆಗುಂಬೆ ಹತ್ರದಿಂದ)

ಉತ್ತರ: ಉಂಬಳ ಕಚ್ಚಿದ್ರೆ ರಕ್ತ ಹೋಗುತ್ತೆ, ಕಾಯಿಲೆ ಅಂಟ್ಸೋದು ಇಲ್ಲ ಅನ್ನೋಷ್ಟು ಕಮ್ಮಿ, ಹೆದರ್ಬೇಡಿ. ಸಾಕ್ಸಿಗೆ ಉಪ್ಪು ನೀರು, ಇಲ್ಲಾ ಹೊಗೆಸೊಪ್ಪಿನ ನೀರು ಹಚ್ಚೋದು ನಿಮ್ಮೂರವ್ರಿಗೆ ನಾನು ಹೇಳ್ಬೇಕಾ. ಉಗುರಲ್ಲಿ ಬಾಯಿ ಕಡೆಯಿಂದ ಜಾರಿಸಿ ತೆಗೀರಿ, ಸೋಪಲ್ಲಿ ತೊಳೀರಿ, ಕೆರೀಬೇಡಿ.

ಪ್ರಶ್ನೆ: ನಂಗೆ 31. ಎರಡು ಕಿಲೋಮೀಟರ್ ಆಗೋಷ್ಟ್ರಲ್ಲಿ ಎದೆ ಡವಡವ, ಮೆಟ್ಟಿಲು ಹತ್ತಿದ್ರೂ ಏದುಸಿರು. ಆರು ತಿಂಗಳಿಂದ ಓಡ್ತಾ ಇದ್ರೂ ಒಂಚೂರೂ ಸುಧಾರಿಸಿಲ್ಲ. ನನ್ನ ಕೈಲಾಗಲ್ಲ ಅಂತ ಬಿಟ್ಬಿಡ್ಲಾ? (ಶಿವಮೊಗ್ಗ)

ಉತ್ತರ: ಬಿಡೋದು ಆಮೇಲೆ, ಮೊದಲು ಹಿಮೋಗ್ಲೋಬಿನ್ ಚೆಕ್ ಮಾಡಿಸಿ. ಆದ್ರೆ ಫೆರಿಟಿನ್ ಅಂತ ಇನ್ನೊಂದು ಟೆಸ್ಟ್ ಇದೆ, ಅದನ್ನೂ ಮಾಡಿಸಿ, ಅದು ಶರೀರದ ಕಣಜದಲ್ಲಿ ಕಬ್ಬಿಣ ಎಷ್ಟು ಉಳಿದಿದೆ ಅಂತ ತೋರ್ಸುತ್ತೆ. ಹಿಮೋಗ್ಲೋಬಿನ್ 12ಕ್ಕಿಂತ ಕಮ್ಮಿ ಇದ್ರೆ ರಕ್ತಹೀನತೆ. 2019ರಿಂದ 21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೇಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 47.8% ಜನಕ್ಕೆ ರಕ್ತಹೀನತೆ ಇತ್ತು, ದೇಶದಲ್ಲಿ 57%. ಹತ್ತಿರ ಹತ್ತಿರ ಇಬ್ರಲ್ಲಿ ಒಬ್ರು! ಇಷ್ಟು ಜನ ಅರ್ಧ ಖಾಲಿ ಟ್ಯಾಂಕಲ್ಲಿ ಅಡುಗೆ, ತೋಟ, ಆಫೀಸು, ಮಕ್ಕಳು ಎಲ್ಲಾ ಎಳೀತಿದ್ದಾರೆ, ಆಮೇಲೆ ನನ್ನ ಕೈಲಾಗಲ್ಲ ಅಂತ ತಮ್ಮನ್ನೇ ಬೈಕೊಳ್ತಾರೆ. ನಂಗೆ ಇದನ್ನ ನೆನೆಸ್ಕೊಂಡ್ರೆ ಸಂಕಟ ಆಗುತ್ತೆ.

ಮಾತ್ರೆ ಬೇಕಾ, ಎಷ್ಟು ಬೇಕು ಅನ್ನೋದು ಡಾಕ್ಟರ್ ಹೇಳ್ಲಿ, ಎದೆ ಬಡಿತದ ಬಗ್ಗೆನೂ ಅವ್ರಿಗೆ ಹೇಳಿ. ಮನೇಲಿ ಮಾಡೋ ಒಂದು ಬದಲಾವಣೆ ನಾನು ಹೇಳ್ತೀನಿ, ನಮ್ಮ ಮಲೆನಾಡಿನವ್ರಿಗೆ ಇದು ಕಷ್ಟದ್ದು: ಊಟ ತಿಂಡಿ ಜೊತೆಗೆ ಕಾಫಿ ಟೀ ಬಿಡಿ. ದೋಸೆ ತಿಂದ ತಕ್ಷಣ ಕಾಫಿ ಕುಡಿದ್ರೆ ಆ ಊಟದ ಕಬ್ಬಿಣ ಶರೀರಕ್ಕೆ ಹತ್ತೋದು ತುಂಬಾ ಕಮ್ಮಿ ಆಗುತ್ತೆ. ಒಂದು ಗಂಟೆ ಮುಂಚೆ ಇಲ್ಲಾ ಒಂದೆರಡು ಗಂಟೆ ಆದ ಮೇಲೆ ಕುಡೀರಿ. ಹುರುಳಿ ಸಾರಿಗೆ, ಬಸಳೆ, ಹರಿವೆ, ನುಗ್ಗೆಸೊಪ್ಪಿನ ಪಲ್ಯಕ್ಕೆ ಮೇಲಿಂದ ನಿಂಬೆಹಣ್ಣು ಹಿಂಡಿ, ನೆಲ್ಲಿಕಾಯಿ ತಂಬುಳಿ ಮಾಡಿ, ಹುಳಿ ಜೊತೆ ಇದ್ರೆ ಸೊಪ್ಪು ಕಾಳಿನ ಕಬ್ಬಿಣ ಚೆನ್ನಾಗಿ ಹತ್ತುತ್ತೆ. ಮೀನು ಮಾಂಸ ತಿನ್ನೋರಿಗೆ ಇನ್ನೂ ಸುಲಭ. ಎರಡು ಮೂರು ತಿಂಗಳು ಬಿಟ್ಟು ಮತ್ತೆ ಟೆಸ್ಟ್ ಮಾಡಿಸಿ ನಂಗೊಂದು ಪತ್ರ ಹಾಕಿ.

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯ ದೈಹಿಕ ಶಿಕ್ಷಕ. ಎಂಟನೇ ಕ್ಲಾಸಲ್ಲಿ 20 ಹುಡುಗೀರು ಓಟಕ್ಕೆ ಬರ್ತಾರೆ, ಹತ್ತಕ್ಕೆ ಬರೋಷ್ಟ್ರಲ್ಲಿ ಮೂರು ಜನ. ಏನು ಮಾಡ್ಬೇಕು ಹೇಳಿ ಮೇಡಂ. (ಕೊಪ್ಪ ತಾಲೂಕು)

ಉತ್ತರ: ಸಾರ್, ಇದನ್ನ ಕೇಳೋ ಮೇಷ್ಟ್ರು ಸಿಕ್ಕಿದ್ದೇ ಆ ಹುಡುಗೀರ ಪುಣ್ಯ. ಸ್ಫೂರ್ತಿ ಭಾಷಣ ಮಾಡೋಕೆ ಮುಂಚೆ ಮೂರ್ನಾಲ್ಕು ಸಣ್ಣ ವಿಷ್ಯ ನೋಡಿ. ಮೊದಲ್ನೇದು ಬಣ್ಣ. ಶನಿವಾರ ಬಿಳಿ ಯೂನಿಫಾರ್ಮ್ ಅಲ್ವಾ, ಆಟ ಡ್ರಿಲ್ ಎಲ್ಲಾ ಅವತ್ತೇ. ಮುಟ್ಟಾಗೋಕೆ ಶುರುವಾದ ಹುಡುಗಿ ಬಿಳಿ ಬಟ್ಟೇಲಿ ಎಲ್ಲರ ಮುಂದೆ ಓಡೋಕೆ ಹೆದರ್ತಾಳೆ, ಆ ಹೆದರಿಕೆ ನಿಮ್ಮ ಹತ್ರ ಬಾಯ್ಬಿಟ್ಟು ಹೇಳಲ್ಲ, ಕಾಲು ನೋವು ಸಾರ್ ಅಂತಾಳೆ. ನಾನೂ ಒಂಬತ್ತನೇ ಕ್ಲಾಸಲ್ಲಿ ಹಂಗೇ ಹೇಳಿ ಒಂದಿಡೀ ವರ್ಷ ಕಟ್ಟೆ ಮೇಲೆ ಕೂತಿದ್ದೆ. ನೂರಕ್ಕೂ ಹೆಚ್ಚು ವರ್ಷ ಬಿಳಿ ಬಿಳಿ ಅಂತ ಹಟ ಹಿಡಿದ ವಿಂಬಲ್ಡನ್ ಟೆನಿಸ್‌ನವ್ರೇ 2023ರಿಂದ ಹೆಂಗಸರು ಒಳಗೆ ಗಾಢ ಬಣ್ಣದ ಚಡ್ಡಿ ಹಾಕ್ಬಹುದು ಅಂತ ಒಪ್ಪಿದ್ದಾರೆ, ನೀವು ಹೆಡ್‌ಮಾಸ್ಟರ್ ಹತ್ರ ಮಾತಾಡಿ ಓಟಕ್ಕೆ ನೇವಿ ಬ್ಲೂ ಟ್ರ್ಯಾಕ್ ಪ್ಯಾಂಟ್ ಮಾಡ್ಸಿ.

ಎರಡ್ನೇದು, ಶುಚಿ ಯೋಜನೆಯ ಪ್ಯಾಡ್ ಸ್ಟೋರ್ ರೂಮಲ್ಲಿ ಬೀಗದ ಒಳಗೆ ಇರ್ಬಾರ್ದು, ಕೀ ಗಂಡಸರ ಹತ್ರ ಇರ್ಲೇಬಾರ್ದು, ಕೇಳದೆ ತಗೊಳ್ಳೋ ಜಾಗದಲ್ಲಿ ಇರ್ಲಿ. ಶೌಚಾಲಯದಲ್ಲಿ ನೀರು, ಒಳಗಿಂದ ಹಾಕೋ ಚಿಲಕ. ಮತ್ತೆ ಬಸ್ಸು. ಸಂಜೆ ನಾಲ್ಕೂವರೆ ಮೇಲೆ ಪ್ರಾಕ್ಟೀಸ್ ಇಟ್ರೆ ನಿಮ್ಮೂರ ಕಡೆ ಬಸ್ ತಪ್ಪಿದ ಹುಡುಗಿ ತೋಟದ ದಾರೀಲಿ ಒಬ್ಬಳೇ ಕತ್ತಲಲ್ಲಿ ನಡೀಬೇಕು, ಅವಳ ಅಪ್ಪ ಬೇಡ ಅನ್ನೋದು ಆಟದ ಮೇಲಿನ ಸಿಟ್ಟಿಂದ ಅಲ್ಲ. ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ 40 ನಿಮಿಷ ಇಡಿ. ಅಡಿಕೆ ಸುಲಿಯೋ ಸೀಸನ್ನಲ್ಲಿ ಹುಡುಗೀರು ರಾತ್ರಿ ಹತ್ತು ಹನ್ನೊಂದರ ತನಕ ಕತ್ತಿ ಮುಂದೆ ಕೂತಿರ್ತಾರೆ, ಆ ಎರಡು ತಿಂಗಳು ವಾರಕ್ಕೆ ಎರಡೇ ದಿನ ಸಾಕು, ಬರ್ದೇ ಇದ್ದವಳ ಹೆಸರು ಹೊಡೀಬೇಡಿ. ಸಾಧ್ಯ ಆದ್ರೆ ತಾಯಂದ್ರನ್ನ ಒಂದು ಸಲ ಕರ್ದು ಮಗಳು ಓಡೋದನ್ನ ತೋರ್ಸಿ, ಮೈದಾನದ ಅಂಚಲ್ಲಿ ನಿಂತು ಒಂದು ಸಲ ನೋಡಿದ ತಾಯಿ ಆಮೇಲೆ ಮನೇಲಿ ತಾನೇ ವಾದ ಮಾಡ್ತಾಳೆ. ಭಾನುವಾರದ ನನ್ನ ಗುಂಪಲ್ಲಿ ಇದನ್ನ ನಾನು ಕಣ್ಣಾರೆ ಕಂಡಿದ್ದೀನಿ.

ಇನ್ನು ದೊಡ್ಡವರ ರೇಸ್ ನಡೆಸೋರಿಗೂ ಇದೇ ಮಾತು. ನಾನು ಓಡಿದ ಒಂದು ರೇಸಲ್ಲಿ 50 ಕಿಲೋಮೀಟರ್ ದಾರಿಗೆ ಹೆಂಗಸರಿಗೆ ಅಂತ ಒಂದೂ ಟಾಯ್ಲೆಟ್ ಇರ್ಲಿಲ್ಲ, ಬಹುಮಾನದ ದುಡ್ಡು ಗಂಡಸರಿಗೆ ಕೊಟ್ಟಿದ್ರಲ್ಲಿ ಅರ್ಧ, ಟೀ ಶರ್ಟ್ ಗಂಡಸರ ಸೈಜಿಂದೇ. ಕೇಳಿದ್ರೆ ಹೆಂಗಸರು ಬರೋದೇ ಕಮ್ಮಿ ಮೇಡಂ ಅಂದ್ರು. ಹಿಂಗಿದ್ರೆ ಬರೋದು ಹೆಂಗೆ ಸ್ವಾಮಿ? ಬ್ರಿಟನ್ನಿನ ಸೋಫಿ ಪವರ್ ಅನ್ನೋ ಓಟಗಾರ್ತಿ 2018ರಲ್ಲಿ ಆಲ್ಪ್ಸ್ ಬೆಟ್ಟದ ಯುಟಿಎಂಬಿ ರೇಸಲ್ಲಿ ಮೂರು ತಿಂಗಳ ಮಗುವಿಗೆ ದಾರಿ ಮಧ್ಯೆ ಹಾಲು ಕುಡಿಸ್ತಾ ಕೂತ ಫೋಟೋ ಪ್ರಪಂಚ ಎಲ್ಲಾ ಓಡಾಡ್ತು. ಎಲ್ಲರೂ ಭಲೇ ಅಂದ್ರು, ಆದ್ರೆ ಅವರು ಹೇಳಿದ್ದು, ಗಾಯ ಆದವ್ರಿಗೆ ಮುಂದಿನ ವರ್ಷಕ್ಕೆ ಜಾಗ ಕಾಯ್ದಿಡ್ತಾರೆ, ಗರ್ಭಿಣಿಗೆ ಇಡಲ್ಲ, ಅದಕ್ಕೇ ನಾನು ಬರ್ಬೇಕಾಯ್ತು ಅಂತ. ಆಮೇಲೆ ಅವರು ಶೀರೇಸಸ್ ಅನ್ನೋ ಸಂಸ್ಥೆ ಕಟ್ಟಿ ರೇಸ್ ನಡೆಸೋರ ಹತ್ರ ಒಂದೊಂದೇ ನಿಯಮ ಬದಲಾಯಿಸ್ತಾ ಬಂದಿದ್ದಾರೆ, ಯುಟಿಎಂಬಿಯವ್ರೂ ಗರ್ಭಿಣಿಯರಿಗೆ ಜಾಗ ಕಾಯ್ದಿಡೋ ನಿಯಮ ತಂದ್ರು. ನಮ್ಮ ಕಾಫಿ ತೋಟಗಳ ನಡುವೆನೂ ಈಗ 50, 80 ಕಿಲೋಮೀಟರ್ ರೇಸ್ ನಡೀತಿವೆ, ಹೆಸರು ಹಾಕೋಕೆ ಮುಂಚೆ ಟಾಯ್ಲೆಟ್ ಎಲ್ಲೆಲ್ಲಿದೆ, ಬಹುಮಾನ ಸಮ ಇದ್ಯಾ ಅಂತ ಪ್ರತಿಯೊಬ್ರೂ ಕೇಳಿ, ಗಂಡಸರೂ ಕೇಳಿ.

ಪ್ರಶ್ನೆ: ನಂಗೆ 52, ಮಕ್ಕಳ ಮದುವೆ ಆಯ್ತು, ಈಗ ಬೆಳಿಗ್ಗೆ ಹೊತ್ತು ಖಾಲಿ. ವಾಕಿಂಗ್ ಮಾಡ್ತೀನಿ. ಓಡ್ಬೇಕು ಅಂತ ಚಿಕ್ಕಂದಿನ ಆಸೆ, ಈ ವಯಸ್ಸಲ್ಲಿ ಶುರು ಮಾಡಿದ್ರೆ ಮಂಡಿ ಹೋಗುತ್ತೆ ಅಂತಾರೆ. ಸೀರೆ ಬಿಟ್ಟು ಬೇರೆ ಹಾಕಿ ಅಭ್ಯಾಸ ಇಲ್ಲ. (ಭದ್ರಾವತಿ)

ಉತ್ತರ: ನಿಮ್ಮ ಪತ್ರವನ್ನ ನಾನು ಮೂರು ಸಲ ಓದಿದೆ ಅಮ್ಮಾ. ಬಿಪಿ ಶುಗರ್ ಒಂದು ಸಲ ಚೆಕ್ ಮಾಡಿಸಿ, ನಡೆದಾಗ ಎದೆ ನೋವು ತಲೆ ಸುತ್ತು ಇಲ್ಲ ಅಂತ ಡಾಕ್ಟರ್ ಹತ್ರ ಖಾತ್ರಿ ಮಾಡ್ಕೊಳಿ. ಮಂಡಿ ಮೊದಲೇ ಹಾಳಾಗಿರ್ದಿದ್ರೆ ಹಿತಮಿತವಾಗಿ ಓಡಿದ್ರೆ ಸವೆಯಲ್ಲ, ಸುತ್ತಲಿನ ಸ್ನಾಯು ಗಟ್ಟಿಯಾಗುತ್ತೆ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಟೊಳ್ಳಾಗ್ತಾ ಹೋಗುತ್ತೆ, ನೆಲಕ್ಕೆ ಕಾಲು ಊರೋ ಯಾವ ಕೆಲಸ ಆದ್ರೂ ಅದಕ್ಕೆ ಒಳ್ಳೇದು. ದುಡ್ಡು ಖರ್ಚು ಮಾಡೋದಿದ್ರೆ ಒಂದು ಹದವಾದ ಶೂ ಮಾತ್ರ ತಗೊಳಿ, ಸಂಜೆ ಹೊತ್ತು ಅಂಗಡಿಗೆ ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತೆ, ಬೆರಳ ಮುಂದೆ ಒಂದು ಹೆಬ್ಬೆರಳಗಲ ಜಾಗ ಇರ್ಬೇಕು. ಸೀರೆ ಕಾಲಿಗೆ ಸಿಕ್ಕಿ ಬೀಳೋ ಭಯ ಇದೆ, ಹಂಗಾಗಿ ಸಡಿಲ ಚೂಡಿದಾರ್ ಮೇಲೆ ನಿಮ್ಮ ಯಜಮಾನ್ರ ಹಳೇ ಅಂಗಿ ಹಾಕ್ಕೊಳಿ, ನಮ್ಮ ಗುಂಪಲ್ಲಿ ಇಬ್ರು ಹಂಗೇ ಬರ್ತಾರೆ.

ಶುರು ಮಾಡೋದು ಹಿಂಗೆ: ಹತ್ತು ನಿಮಿಷ ನಡೀರಿ. ಆಮೇಲೆ ಒಂದು ಕರೆಂಟ್ ಕಂಬದಿಂದ ಮುಂದಿನ ಕಂಬದ ತನಕ ಓಡಿ, ಪಕ್ಕದವ್ರ ಹತ್ರ ಮಾತಾಡೋಕೆ ಆಗೋಷ್ಟು ನಿಧಾನ. ಆಮೇಲೆ ಮೂರು ಕಂಬ ನಡೀರಿ. ಹಿಂಗೆ ಆರು ಸಲ, ವಾರಕ್ಕೆ ಮೂರು ದಿನ. ಎರಡು ವಾರ ಆದ ಮೇಲೆ ಒಂದು ಕಂಬ ಓಡಿ ಎರಡು ಕಂಬ ನಡೀರಿ, ಇನ್ನೆರಡು ವಾರಕ್ಕೆ ಒಂದಕ್ಕೊಂದು. ಭದ್ರಾವತಿಯಿಂದ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದ್ರೆ ಭಾನುವಾರ ನೀವು ಚಾನೆಲ್ ಏರಿಗೆ ಬರೋ ತನಕ ನಾವು ಕಾಯ್ತೀವಿ, ಮಜ್ಜಿಗೆ ನಾನು ತರ್ತೀನಿ.